ಜಂಟಿ ಕ್ಯಾನ್ಸರ್ ಕ್ಲಿನಿಕ್: ಚಿಕಿತ್ಸೆಗೆ ಒಳ್ಳೆ ಅಂಕ, ಫೀಡ್‌ಬ್ಯಾಕ್ ಫಾರ್ಮಿಗೆ ಇಲ್ಲ

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಾಯಿ, ಗಂಟಲು, ಕುತ್ತಿಗೆ ಕ್ಯಾನ್ಸರಿಗೆ ಅಂತಲೇ ಒಂದು ಜಂಟಿ ಕ್ಲಿನಿಕ್ ಇದೆ. ಆಪರೇಷನ್ ಮಾಡುವವರು, ರೇಡಿಯೇಷನ್ ಕೊಡುವವರು, ಕೀಮೋ ನೋಡಿಕೊಳ್ಳುವವರು ಮೂವರೂ ಒಂದೇ ದಿನ ಒಂದೇ ರೂಮಿನಲ್ಲಿ ಸಿಗುತ್ತಾರೆ. ಅಪ್ಪನ ಕೆನ್ನೆಯ ಒಳಗಿದ್ದ ಹುಣ್ಣು ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಬಂದ ಮೇಲೆ ಚನ್ನಗಿರಿಯಿಂದ ಸೀದಾ ಅಲ್ಲಿಗೇ ಕರೆದುಕೊಂಡು ಹೋದೆವು. ಆಪರೇಷನ್ ಆಯಿತು, ರೇಡಿಯೇಷನ್ ಮತ್ತು ಕೀಮೋ ಮುಗಿಯಿತು, ಈಗ ಚೆಕಪ್ಪಿಗೆ ಹೋಗಿ ಬರುತ್ತಿದ್ದೇವೆ. ಈ ಜಂಟಿ ಕ್ಲಿನಿಕ್ ಅಂದರೆ ಏನು, ಅದರಿಂದ ನಿಜವಾಗಿ ಉಪಯೋಗ ಇದೆಯಾ ಅಂತ ಊರಿನ ಕಡೆಯಿಂದ ತುಂಬಾ ಜನ ಕೇಳುತ್ತಿದ್ದಾರೆ. ಒಂದೇ ಸಲ ಬರೆದುಬಿಡುತ್ತೇನೆ.

ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ನನ್ನ ದೂರು ಅದೊಂದೇ ಆಸ್ಪತ್ರೆಯ ಮೇಲಿನದ್ದಲ್ಲ. ಬೇರೆ ಕಡೆ ತೋರಿಸಿಕೊಂಡ ನೆಂಟರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ.

ಮೊದಲು ಒಳ್ಳೆಯದು ಹೇಳುತ್ತೇನೆ, ಅದು ಜಾಸ್ತಿಯೇ ಇದೆ. ಕ್ಯಾನ್ಸರ್ ಅಂದ ತಕ್ಷಣ ಮನೆಯವರಿಗೆ ಬರುವ ದೊಡ್ಡ ಗೊಂದಲ ಯಾವ ಡಾಕ್ಟರ ಮಾತು ಕೇಳಬೇಕು ಅನ್ನೋದು. ದಾವಣಗೆರೆಯಲ್ಲಿ ಒಬ್ಬರು ಮೊದಲು ಆಪರೇಷನ್ ಅಂದಿದ್ದರು, ಇನ್ನೊಬ್ಬರು ಮೊದಲು ಕೀಮೋ ಕೊಟ್ಟು ಗಡ್ಡೆ ಸಣ್ಣದು ಮಾಡೋಣ ಅಂದಿದ್ದರು, ಮನೆಯಲ್ಲಿ ಚಿಕ್ಕಪ್ಪ ಒಂದು ಕಡೆ, ಮಾವ ಒಂದು ಕಡೆ ಆಗಿ ಕೂತಿದ್ದರು. ಜಂಟಿ ಕ್ಲಿನಿಕ್ಕಿನಲ್ಲಿ ಆ ಜಗಳವೇ ಬರಲಿಲ್ಲ. ಸರ್ಜನ್ ಟಾರ್ಚ್ ಹಾಕಿ ಬಾಯಿ ನೋಡಿದರು, ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಕಡೆ ಒತ್ತಿ ನೋಡಿದರು, ಪಕ್ಕದಲ್ಲೇ ಕೂತಿದ್ದ ರೇಡಿಯೇಷನ್ ಡಾಕ್ಟರಿಗೆ ಸ್ಕ್ಯಾನ್ ತೋರಿಸಿದರು. ನಮ್ಮ ಎದುರಿಗೇ ಮೂವರೂ ಮಾತಾಡಿಕೊಂಡು "ಮೊದಲು ಆಪರೇಷನ್, ರಿಪೋರ್ಟ್ ನೋಡಿ ರೇಡಿಯೇಷನ್, ಬೇಕಾದರೆ ಜೊತೆಗೆ ಕೀಮೋ" ಅಂತ ಹೇಳಿದರು. ಸ್ವಲ್ಪ ಕಷ್ಟದ ಕೇಸುಗಳನ್ನು ಟ್ಯೂಮರ್ ಬೋರ್ಡ್ ಅಂತ ವಾರಕ್ಕೊಮ್ಮೆ ನಡೆಯುವ ಮೀಟಿಂಗಿಗೆ ಹಾಕುತ್ತಾರಂತೆ, ಅಲ್ಲಿ ಬಯಾಪ್ಸಿ ನೋಡುವ ಡಾಕ್ಟರು, ಸ್ಕ್ಯಾನ್ ಓದುವ ಡಾಕ್ಟರು ಕೂಡ ಇರುತ್ತಾರೆ. ಇದು ಹೊಸ ಪದ್ಧತಿಯೇನಲ್ಲ. ಇಂಗ್ಲೆಂಡಿನಲ್ಲಿ 1995ರ ಒಂದು ಸರ್ಕಾರಿ ವರದಿಯ ನಂತರ ಕ್ಯಾನ್ಸರ್ ರೋಗಿಗಳನ್ನು ಹೀಗೆ ತಂಡವಾಗಿ ನೋಡುವುದು ಮಾಮೂಲಿ ಆಯಿತು. ನಮ್ಮಲ್ಲೂ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಟ್ಯೂಮರ್ ಬೋರ್ಡ್ ಇರುತ್ತದೆ. ಆದರೆ ರೋಗಿಯ ಎದುರಿಗೇ ಮೂವರೂ ಕೂತು ಮಾತಾಡುವುದು ಎಲ್ಲ ಕಡೆ ಸಿಗುವುದಿಲ್ಲ. ಅಪ್ಪನಿಗೆ ಧೈರ್ಯ ಬಂದಿದ್ದೇ ಅಲ್ಲಿ.

ಆಪರೇಷನ್ ಚೆನ್ನಾಗಿ ಆಯಿತು. ವಾರ್ಡಿನ ಸಿಸ್ಟರುಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮೂಗಿನ ಟ್ಯೂಬಿನಲ್ಲಿ ಊಟ ಹಾಕುವುದನ್ನು ಅಮ್ಮನಿಗೆ ಕೈ ಹಿಡಿದು ಕಲಿಸಿದರು. ಟ್ಯೂಬ್ ಸರಿಯಾದ ಜಾಗದಲ್ಲಿ ಇದೆಯಾ ಅಂತ ನೋಡಿ, ತಲೆ ಎತ್ತರಕ್ಕೆ ಇಟ್ಟು, ನಿಧಾನಕ್ಕೆ ಬಿಟ್ಟು, ಆಮೇಲೆ ನೀರು ಹಾಕಿ ಟ್ಯೂಬ್ ತೊಳೆಯಬೇಕು. ಅಮ್ಮ ಸರಿಯಾಗಿ ಮಾಡುವವರೆಗೂ ಡಿಸ್ಚಾರ್ಜ್ ಬೇಡ ಅಂತ ಒಬ್ಬ ಸಿಸ್ಟರ್ ಹಟ ಹಿಡಿದರು. ಡಯಟೀಷಿಯನ್ ಮೊದಲು ಕೊಟ್ಟ ಚಾರ್ಟ್ ಇಂಗ್ಲಿಷಿನಲ್ಲಿತ್ತು, ಅದರಲ್ಲಿದ್ದ ಪುಡಿಗಳ ಹೆಸರೇ ನಮಗೆ ಗೊತ್ತಿರಲಿಲ್ಲ. ಅಮ್ಮ "ನಮ್ಮ ಮನೇಲಿ ರಾಗಿ, ಹೆಸರುಬೇಳೆ, ಹಾಲು, ಮೊಟ್ಟೆ ಇರುತ್ತೆ ಕಣಮ್ಮ" ಅಂದಾಗ ಆ ಹುಡುಗಿ ಅದೇ ಹಾಳೆಯ ಹಿಂದೆ ಕನ್ನಡದಲ್ಲಿ ಪೂರ್ತಿ ಹೊಸದಾಗಿ ಬರೆದುಕೊಟ್ಟಳು, ಗಂಜಿಯನ್ನು ಬಟ್ಟೆಯಲ್ಲಿ ಸೋಸಿಯೇ ಹಾಕಿ, ಇಲ್ಲಾಂದ್ರೆ ಟ್ಯೂಬ್ ಕಟ್ಟಿಕೊಳ್ಳುತ್ತೆ ಅಂತ ಕೆಳಗೆ ಎರಡು ಗೆರೆ ಎಳೆದಳು. ಆ ಹಾಳೆ ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿ ಇದೆ.

ತೊಂದರೆ ಶುರುವಾಗಿದ್ದು ಹಲ್ಲಿನ ವಿಷಯದಲ್ಲಿ.

ಬಾಯಿಗೆ, ದವಡೆಗೆ ರೇಡಿಯೇಷನ್ ಕೊಡುವ ಮೊದಲು ಸರಿಪಡಿಸಲು ಆಗದಷ್ಟು ಹಾಳಾದ ಹಲ್ಲುಗಳನ್ನು ಕೀಳಬೇಕು. ರೇಡಿಯೇಷನ್ ಬಿದ್ದ ಮೇಲೆ ದವಡೆಯ ಮೂಳೆಗೆ ರಕ್ತ ಓಡಾಟ ಕಡಿಮೆ ಆಗುತ್ತದೆ, ಆಮೇಲೆ ಹಲ್ಲು ಕಿತ್ತರೆ ಗಾಯ ಸರಿಯಾಗಿ ಮಾಯದೆ ಮೂಳೆಯೇ ಕೊಳೆಯುವ ಅಪಾಯ ಇದೆ. ಕಿತ್ತ ಮೇಲೆ ಗಾಯ ಮಾಯಲು ಎರಡು ವಾರವಾದರೂ ಬಿಡಬೇಕು. ಇನ್ನೊಂದು ಕಡೆ, ಆಪರೇಷನ್ ಆದ ಆರು ವಾರದ ಒಳಗೆ ರೇಡಿಯೇಷನ್ ಶುರುವಾದರೆ ಒಳ್ಳೆಯದು ಅಂತ ಡಾಕ್ಟರುಗಳೇ ಹೇಳುತ್ತಾರೆ. ಈ ಎರಡೂ ಲೆಕ್ಕ ಒಟ್ಟಿಗೆ ಹಾಕಿದರೆ ಹಲ್ಲಿನ ಡಾಕ್ಟರು ಮೊದಲ ದಿನವೇ ನೋಡಬೇಕು ಅಲ್ವಾ? ನಮಗೆ ಹಾಗಾಗಲಿಲ್ಲ. ಆಪರೇಷನ್ ಆಗಿ, ಹೊಲಿಗೆ ಬಿಚ್ಚಿ, ರಿಪೋರ್ಟ್ ಬಂದು, ರೇಡಿಯೇಷನ್ ಡಾಕ್ಟರ ಮುಂದೆ ಕೂತಾಗಲೇ "ಹಲ್ಲು ತೋರಿಸಿದ್ದೀರಾ?" ಅಂತ ಅವರು ಕೇಳಿದ್ದು. ಇಲ್ಲ. ಹಲ್ಲಿನ ವಿಭಾಗ ಬೇರೆ ಬ್ಲಾಕಿನಲ್ಲಿ. ಬೇರೆ ಟೋಕನ್, ಬೇರೆ ಬಿಲ್, ಅಲ್ಲಿನ ಡಾಕ್ಟರು ರಜೆ. ಕೊನೆಗೆ ಸಿಕ್ಕಿದಾಗ ಅವರು ಅಪ್ಪನ ಬಾಯಿ ನೋಡಿ ತುಂಬಾ ಬೇಜಾರಿನಿಂದ ಹೇಳಿದರು: "ಇದನ್ನ ಆಪರೇಷನ್ ಟೇಬಲ್ ಮೇಲೆ ಅರಿವಳಿಕೆ ಕೊಟ್ಟಾಗಲೇ ಕೀಳಬಹುದಿತ್ತಲ್ಲ ಯಜಮಾನ್ರೇ. ಈಗ ಬಾಯಿ ತೆಗೆಯೋಕೇ ಆಗ್ತಿಲ್ಲ ನಿಮಗೆ."

ಬಾಯಿಯಲ್ಲಿ ಎರಡು ಬೆರಳು ತೂರುವಷ್ಟೂ ಜಾಗ ಇರದ ಮನುಷ್ಯನಿಗೆ ಮೂರು ಹಲ್ಲು ಕೀಳುವುದನ್ನು ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಆರು ವಾರ ದಾಟಿತು. ಸ್ವಲ್ಪವೇ ದಾಟಿತು, ಅದರಿಂದ ಕೆಟ್ಟದ್ದೇನೂ ಆಗಿಲ್ಲ ಅಂತ ಡಾಕ್ಟರು ಹೇಳಿದ್ದಾರೆ, ನಂಬುತ್ತೇವೆ. ಆದರೆ ಯೋಚನೆ ಮಾಡಿ: ಸರ್ಜನ್ ತಮ್ಮ ಕೆಲಸ ಚೆನ್ನಾಗಿ ಮಾಡಿದರು. ರೇಡಿಯೇಷನ್ ಡಾಕ್ಟರು ಕೇಳಬೇಕಾದ ಪ್ರಶ್ನೆ ಕೇಳಿದರು. ಹಲ್ಲಿನ ಡಾಕ್ಟರು ಎಷ್ಟು ಹಗುರ ಕೈಯಿಂದ ಸಾಧ್ಯವೋ ಅಷ್ಟು ಹಗುರವಾಗಿ ಕಿತ್ತರು. ತಪ್ಪು ಆಗಿದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅಪ್ಪ ಹೋಗುವ ಜಾಗದಲ್ಲಿ. ಆ ಜಾಗ ಯಾರ ಜವಾಬ್ದಾರಿ ಅಂತ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈಗ ಫೀಡ್‌ಬ್ಯಾಕ್ ಫಾರ್ಮಿನ ವಿಷಯಕ್ಕೆ ಬರುತ್ತೇನೆ, ನಾನು ಮುಖ್ಯವಾಗಿ ಬರೆಯಬೇಕು ಅಂದುಕೊಂಡಿದ್ದೇ ಇದನ್ನು. ಪ್ರತಿ ವಿಭಾಗದಿಂದ ಹೊರಗೆ ಬಂದಾಗಲೂ ಮೊಬೈಲಿಗೆ ಒಂದು ಮೆಸೇಜ್. ಡಾಕ್ಟರು ಗೌರವದಿಂದ ಮಾತಾಡಿದರಾ? ಕಾಯಬೇಕಾಯಿತಾ? ಸ್ವಚ್ಛತೆ ಹೇಗಿತ್ತು? ಬಿಲ್ಲಿಂಗ್ ಹೇಗಿತ್ತು? ಒಂದರಿಂದ ಐದು ಸ್ಟಾರ್. ಕೊನೆಗೆ "ನಿಮ್ಮ ಸ್ನೇಹಿತರಿಗೆ, ಮನೆಯವರಿಗೆ ನಮ್ಮ ಆಸ್ಪತ್ರೆಯನ್ನು ಹೇಳುತ್ತೀರಾ, 0ರಿಂದ 10ರಲ್ಲಿ ಎಷ್ಟು?" ನಾನು ಪ್ರಾಮಾಣಿಕವಾಗಿಯೇ ತುಂಬಿದೆ. ಸರ್ಜನ್‌ಗೆ ಐದು. ವಾರ್ಡಿಗೆ ಐದು. ಹಲ್ಲಿನ ಡಾಕ್ಟರಿಗೆ ಐದು. ರೇಡಿಯೇಷನ್‌ಗೆ ಐದು. ಎಲ್ಲಾ ಐದು, ಎಲ್ಲಾ ನಿಜ. ಆ ಅಂಕಗಳನ್ನು ಒಟ್ಟುಗೂಡಿಸಿ ಯಾರಾದರೂ ಗೋಡೆ ಮೇಲೆ ಹಾಕಿದರೆ ಅಪ್ಪನಿಗೆ ಸಿಕ್ಕಿದ್ದು ಪರಿಪೂರ್ಣ ಸೇವೆ ಅಂತ ಕಾಣುತ್ತದೆ. ಹಲ್ಲಿನ ಕಥೆ ಅದರಲ್ಲಿ ಎಲ್ಲೂ ಇಲ್ಲ. ಅದನ್ನು ಬರೆಯಲು ಅಲ್ಲಿ ಜಾಗವೇ ಇಲ್ಲ.

ಆ 0-10ರ ಪ್ರಶ್ನೆ ಆಸ್ಪತ್ರೆಗಾಗಿ ಹುಟ್ಟಿದ್ದೂ ಅಲ್ಲ. ನೆಟ್ ಪ್ರಮೋಟರ್ ಸ್ಕೋರ್ ಅಂತ ಅದರ ಹೆಸರು. 2003ರಲ್ಲಿ ಅಮೆರಿಕದಲ್ಲಿ ಕಂಪನಿಗಳ ಗಿರಾಕಿಗಳು ಎಷ್ಟು ನಿಷ್ಠರಾಗಿದ್ದಾರೆ ಅಂತ ಅಳೆಯಲು ತಂದಿದ್ದು. 9, 10 ಕೊಟ್ಟವರು ಹೊಗಳುವವರು, 0ರಿಂದ 6 ಕೊಟ್ಟವರು ತೆಗಳುವವರು, ಮಧ್ಯದವರು ಎರಡು ಗುಂಪಿಗೂ ಸೇರುವುದಿಲ್ಲ. ಫೋನ್ ಕಂಪನಿಗೆ ಇದು ಸರಿ ಇರಬಹುದು. ಜೀವ ಉಳಿಸಿದವರ ಬಗ್ಗೆ ಯಾರು ಕಡಿಮೆ ಅಂಕ ಕೊಡುತ್ತಾರೆ? ಅದರಲ್ಲೂ ಮುಂದಿನ ತಿಂಗಳು ಮತ್ತೆ ಅದೇ ಡಾಕ್ಟರ ಮುಂದೆ ಹೋಗಿ ಕೂರಬೇಕು ಅಂದಾಗ. ನಮ್ಮ ಕಡೆಯ ಜನ ಡಾಕ್ಟರಿಗೆ ಕೈ ಮುಗಿಯುವವರು, "ದೇವರಂಥವರು, ಏನ್ ಹೇಳೋಕಿದೆ" ಅಂತ ಐದು ಒತ್ತಿಬಿಡುತ್ತಾರೆ. ಆ ಕೃತಜ್ಞತೆ ಸುಳ್ಳಲ್ಲ. ಆದರೆ ಅದು ಅಳತೆಯೂ ಅಲ್ಲ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಕೇಳುತ್ತಾರೆ ಅಂತ ಅಪ್ಪ ರೇಡಿಯೇಷನ್ ಮಾಸ್ಕ್ (ತಲೆ ಅಲುಗಾಡದ ಹಾಗೆ ಹಿಡಿದಿಡುವಂಥದ್ದು) ಹಾಕಿಕೊಂಡು ಒಳಗಿದ್ದಾಗ ಹೊರಗೆ ಕೂತು ಓದುತ್ತಿದ್ದೆ. ಇಂಗ್ಲೆಂಡಿನಲ್ಲಿ 2010ರಿಂದ ಕ್ಯಾನ್ಸರ್ ರೋಗಿಗಳ ಅನುಭವದ ರಾಷ್ಟ್ರೀಯ ಸಮೀಕ್ಷೆ ನಡೆಯುತ್ತಿದೆ. ಫಾರ್ಮ್ ಮನೆಗೆ ಬರುತ್ತದೆ, ಚಿಕಿತ್ಸೆಯಾಗಿ ಕೆಲವು ತಿಂಗಳಾದ ಮೇಲೆ, ಅಂದರೆ ಎದುರಿಗೆ ಯಾವ ಸಿಸ್ಟರೂ ನಿಂತಿರುವುದಿಲ್ಲ. ಅದರಲ್ಲೂ 0-10 ಒಂದಿದೆ. ಆದರೆ ಜೊತೆಗೆ ಬೇರೆ ತರಹದ ಪ್ರಶ್ನೆಗಳಿವೆ: ತಂಡದಲ್ಲಿ ನಿಮ್ಮ ಮುಖ್ಯ ಸಂಪರ್ಕದ ವ್ಯಕ್ತಿ ಅಂತ ಒಬ್ಬರಿದ್ದರಾ, ಅವರು ಸುಲಭವಾಗಿ ಸಿಗುತ್ತಿದ್ದರಾ, ಇಡೀ ತಂಡ ಒಟ್ಟಾಗಿ ಚೆನ್ನಾಗಿ ಕೆಲಸ ಮಾಡಿತಾ. ಆಸ್ಪತ್ರೆವಾರು ಫಲಿತಾಂಶವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಅಮೆರಿಕದಲ್ಲೂ ಕ್ಯಾನ್ಸರ್ ಚಿಕಿತ್ಸೆಗೆ ಅಂತಲೇ ಕಾಪ್ಸ್ ಅನ್ನುವ ಸರ್ಕಾರಿ ಪ್ರಶ್ನಾವಳಿ ಇದೆ. ನೋವಿನ ಬಗ್ಗೆ ನಿಮ್ಮ ಹತ್ತಿರ ಮಾತಾಡಿದರಾ, ಮನಸ್ಸಿನ ಚಿಂತೆಯ ಬಗ್ಗೆ ಕೇಳಿದರಾ, ಆಸ್ಪತ್ರೆ ಮುಚ್ಚಿದ ಹೊತ್ತಲ್ಲಿ ತೊಂದರೆಯಾದರೆ ಏನು ಮಾಡಬೇಕು ಅಂತ ಹೇಳಿದ್ದರಾ ಅಂತ ಕೇಳುತ್ತದೆ. ಅದರಲ್ಲಿ ಆಪರೇಷನ್‌ಗೆ, ರೇಡಿಯೇಷನ್‌ಗೆ, ಔಷಧಿಗೆ ಬೇರೆ ಬೇರೆ ಫಾರ್ಮ್ ಇದೆ. ಅಪ್ಪನ ಹಾಗೆ ಮೂರೂ ಆದವರಿಗೆ ಯಾವುದನ್ನು ಕೊಡಬೇಕು ಅನ್ನೋ ಪ್ರಶ್ನೆ ನನಗೆ ಅಲ್ಲೂ ಬಂತು.

ವ್ಯತ್ಯಾಸ ಇಷ್ಟೇ. "ಖುಷಿಯಾಯಿತಾ" ಅಂತ ಕೇಳಿದರೆ ಮರ್ಯಾದೆಗೆ ಕೊಡುವ ಉತ್ತರ ಬರುತ್ತದೆ. "ಏನಾಯಿತು, ಏನು ಹೇಳಿದರು, ಯಾರು ಹೇಳಿದರು" ಅಂತ ಕೇಳಿದರೆ ನಡೆದಿದ್ದು ಗೊತ್ತಾಗುತ್ತದೆ. "ರೇಡಿಯೇಷನ್‌ಗೆ ಮೊದಲು ಹಲ್ಲಿನ ತಪಾಸಣೆ ಬೇಕು ಅಂತ ನಿಮಗೆ ಯಾವಾಗ ಹೇಳಿದರು?" ಅನ್ನುವ ಒಂದೇ ಒಂದು ಪ್ರಶ್ನೆ ಈ ಕ್ಲಿನಿಕ್ಕಿನ ಫಾರ್ಮಿನಲ್ಲಿ ಇದ್ದಿದ್ದರೆ, ನಮಗಿಂತ ಮೊದಲು ಬಂದ ಹತ್ತಾರು ಜನರ ಉತ್ತರದಿಂದಲೇ ಈ ತೂತು ಕಾಣಿಸುತ್ತಿತ್ತು. ಅಪ್ಪನ ಸರದಿ ಬರುವ ಹೊತ್ತಿಗೆ ಅದು ಮುಚ್ಚಿರುತ್ತಿತ್ತು.

ಇನ್ನೊಂದು ವಿಷಯ ನನಗೆ ಇನ್ನೂ ಜಾಸ್ತಿ ನೋವು ಕೊಟ್ಟಿದ್ದು. ಆ ಮೆಸೇಜುಗಳೆಲ್ಲ ಬರುತ್ತಿದ್ದುದು ನನ್ನ ಮೊಬೈಲಿಗೆ. ರೋಗಿ ಅಪ್ಪ, ಅನುಭವ ಅಪ್ಪನದ್ದು, ಅಂಕ ಕೊಡುವುದು ಅಟೆಂಡರ್, ಅಂದರೆ ಜೊತೆಗೆ ಬಂದ ಮನೆಯವರು. ರಿಜಿಸ್ಟ್ರೇಷನ್ನಿನಲ್ಲಿ ನನ್ನ ನಂಬರ್ ಕೊಟ್ಟಿದ್ದೆವು, ಎಲ್ಲರೂ ಹಾಗೇ ಮಾಡುತ್ತಾರೆ. ಡಿಸ್ಚಾರ್ಜ್ ದಿನ ಮಾತ್ರ ಒಬ್ಬ ಹುಡುಗ ಟ್ಯಾಬ್ ಹಿಡಿದುಕೊಂಡು ಅಪ್ಪನ ಹತ್ತಿರ ಬಂದ. ಪ್ರಶ್ನೆಗಳು ಇಂಗ್ಲಿಷಿನಲ್ಲಿ. ಕೆಳಗೆ ಅಳುವ ಮುಖದಿಂದ ನಗುವ ಮುಖದವರೆಗೆ ಐದು ಚಿತ್ರ. ಅಪ್ಪನಿಗೆ ಆಗ ಮಾತಾಡಲು ಆಗುತ್ತಿರಲಿಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು. ಹುಡುಗ "ಎಲ್ಲಾ ಚೆನ್ನಾಗಿತ್ತಲ್ವಾ ಅಂಕಲ್?" ಅಂತ ಕೇಳಿದ, ಅಪ್ಪ ಪೆನ್ನು ಹುಡುಕುತ್ತಿದ್ದರು, ಅಷ್ಟರಲ್ಲಿ ಅವನೇ ನಗುವ ಮುಖಗಳನ್ನು ಸಾಲಾಗಿ ಒತ್ತಿಕೊಂಡು ಹೋದ. ಕೆಟ್ಟ ಹುಡುಗ ಅಲ್ಲ, ಇನ್ನೂ ಹತ್ತು ಬೆಡ್ ಮುಗಿಸಬೇಕಿತ್ತು ಅವನು. ಅವನು ಹೋದ ಮೇಲೆ ಅಪ್ಪ ಬರೆದರು: "ರಾತ್ರಿ ಕಫ ಕಟ್ಟಿದಾಗ ಬೆಲ್ ಒತ್ತಲು ಕೈಗೆ ಎಟುಕುತ್ತಿರಲಿಲ್ಲ. ಹೇಳಬೇಕಿತ್ತು." ಬಾಯಿಯ ಆಪರೇಷನ್ ಆದವರ ವಾರ್ಡಿನಲ್ಲಿ ಬೆಲ್ ಎಲ್ಲಿರಬೇಕು ಅನ್ನೋದು ಸಣ್ಣ ವಿಷಯವಾ? ಬಾಯಿ ತೆರೆದು ಕೂಗಲು ಆಗದವರಿಗೆ ಇರುವುದು ಅದೊಂದೇ. ಅಂಥವರ ಅನುಭವ ಅಳೆಯುವಾಗ ಅವರು ಬರೆದು ಮುಗಿಸುವವರೆಗೂ ಕಾಯುವಷ್ಟು ಸಮಯವಾದರೂ ಇಡಬೇಕು.

ಇದರ ಜೊತೆಗೆ ನಮ್ಮ ಮನೆಗಳಲ್ಲಿ ನಡೆಯುವುದೂ ಒಂದಿದೆ. ಎಷ್ಟೋ ಮನೆಗಳಲ್ಲಿ ರೋಗಿಗೆ ಕಾಯಿಲೆಯ ಹೆಸರನ್ನೇ ಹೇಳಿರುವುದಿಲ್ಲ. "ಗಡ್ಡೆ" ಅಂತ ಹೇಳಿ ಕರೆದುಕೊಂಡು ಬಂದಿರುತ್ತಾರೆ, ಡಾಕ್ಟರಿಗೆ ಬಾಗಿಲ ಹತ್ತಿರವೇ "ಅವರ ಎದುರಿಗೆ ಹೇಳಬೇಡಿ ಸಾರ್" ಅಂತ ಪಿಸುಗುಟ್ಟಿರುತ್ತಾರೆ. ನಮ್ಮ ಚಿಕ್ಕಪ್ಪನೂ ಹಾಗೇ ಮಾಡಲು ಹೊರಟಿದ್ದರು, ಅಪ್ಪನೇ ಬಿಡಲಿಲ್ಲ. ಹೀಗಿರುವಾಗ "ನಿಮ್ಮ ಕಾಯಿಲೆಯ ಬಗ್ಗೆ ಅರ್ಥವಾಗುವ ಹಾಗೆ ಹೇಳಿದರಾ?" ಅನ್ನುವ ಇಂಗ್ಲೆಂಡಿನ ಪ್ರಶ್ನೆಯನ್ನು ಹಾಗೇ ತಂದು ಇಲ್ಲಿ ಕೇಳಿದರೆ ಆಗುವುದಿಲ್ಲ. ರೋಗಿಗೆ ಒಂದು ಫಾರ್ಮ್, ಮನೆಯವರಿಗೆ ಒಂದು ಫಾರ್ಮ್ ಬೇರೆ ಬೇರೆ ಇರಬೇಕು. ನೋಡಿಕೊಳ್ಳುವವರ ಕಷ್ಟವೂ ಅನುಭವವೇ. ಫೈಲ್ ಹಿಡಿದುಕೊಂಡು ಬ್ಲಾಕಿನಿಂದ ಬ್ಲಾಕಿಗೆ ಓಡುವವರು, ಲಾಡ್ಜಿನ ಬಾಡಿಗೆ ಕಟ್ಟುವವರು, ಊರಿನಲ್ಲಿ ತೋಟಕ್ಕೆ ನೀರು ಬಿಡಲು ಯಾರನ್ನೋ ಬೇಡಿಕೊಳ್ಳುವವರು ಅವರೇ ತಾನೇ. ಆದರೆ ಅದನ್ನು ರೋಗಿಯ ಉತ್ತರ ಅಂತ ಬರೆದುಕೊಳ್ಳಬಾರದು.

ಕನ್ನಡದಲ್ಲಿ ಕೇಳಲು ಆಗುವುದಿಲ್ಲ ಅಂತ ಯಾರೂ ಹೇಳಬೇಡಿ. ಕ್ಯಾನ್ಸರ್ ರೋಗಿಗಳ ಜೀವನದ ಗುಣಮಟ್ಟ ಅಳೆಯಲು ಯುರೋಪಿನ ಇಒಆರ್‌ಟಿಸಿ ಸಂಸ್ಥೆ ಮಾಡಿದ 30 ಪ್ರಶ್ನೆಗಳ ಫಾರ್ಮ್ ಕನ್ನಡದಲ್ಲೇ ಸಿಗುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಅದರ ಜೊತೆ ಸೇರಿಸುವ ಇನ್ನೊಂದು ಭಾಗವಿದೆ. ನುಂಗಲು ಕಷ್ಟವಾ, ಬಾಯಿ ಒಣಗುತ್ತಾ, ಬಾಯಿ ಅಗಲ ತೆರೆಯಲು ಆಗುತ್ತಾ, ಹಲ್ಲಿನ ತೊಂದರೆ ಇದೆಯಾ ಅಂತ ಅದು ಕೇಳುತ್ತದೆ. ಅದು ದೇಹದ ಸ್ಥಿತಿ ಕೇಳುವ ಫಾರ್ಮ್, ಸೇವೆಯ ಫಾರ್ಮ್ ಅಲ್ಲ, ನಿಜ. ಆದರೂ ಎರಡೂ ಬೇಕು. ಒಂದು ಅಪ್ಪ ಹೇಗಿದ್ದಾರೆ ಅಂತ ಹೇಳುತ್ತದೆ, ಇನ್ನೊಂದು ಅಪ್ಪನನ್ನು ಹೇಗೆ ನೋಡಿಕೊಂಡರು ಅಂತ ಹೇಳುತ್ತದೆ.

ಕೇಳಿದ್ದಕ್ಕೆ ಯಾರಾದರೂ ಏನಾದರೂ ಮಾಡಬೇಕು, ಅದು ಅದಕ್ಕಿಂತ ಮುಖ್ಯ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ದೇಹದ ಬೇರೆ ಭಾಗಕ್ಕೆ ಹರಡಿದ ಕ್ಯಾನ್ಸರ್ ಇದ್ದ 766 ಜನರನ್ನು ಸೇರಿಸಿ ಒಂದು ಅಧ್ಯಯನ ಮಾಡಿದರು. ಒಂದು ಗುಂಪಿನವರು 12 ಸಾಮಾನ್ಯ ತೊಂದರೆಗಳನ್ನು ತಾವೇ ಕಂಪ್ಯೂಟರಿನಲ್ಲಿ ತುಂಬುತ್ತಿದ್ದರು. ತೊಂದರೆ ಜಾಸ್ತಿಯಾದರೆ ನರ್ಸಿಗೆ ಈಮೇಲ್ ಹೋಗುತ್ತಿತ್ತು, ಆ ನರ್ಸ್ ನೋಡಿ ಬೇಕಾದ್ದು ಮಾಡುತ್ತಿದ್ದರು. 2017ರಲ್ಲಿ ಫಲಿತಾಂಶ ಬಂದಾಗ ಆ ಗುಂಪಿನವರು ಬದುಕುಳಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಜನ ಇದಕ್ಕಿಂತ ಜಾಸ್ತಿ ಕಾಲ ಬದುಕಿದರು ಅಂತ ಅರ್ಥ) 31.2 ತಿಂಗಳು, ಮಾಮೂಲಿ ರೀತಿ ನೋಡಿಕೊಂಡವರದ್ದು 26 ತಿಂಗಳು. ಐದು ತಿಂಗಳು! ಹೊಸ ಔಷಧಿ ಇಲ್ಲ, ಹೊಸ ಮಷೀನ್ ಇಲ್ಲ. ರೋಗಿಯನ್ನು ಕೇಳಿದರು, ಕೇಳಿದ್ದು ಸರಿಯಾದವರ ಕೈಗೆ ತಲುಪಿತು. ಇದನ್ನು ಓದಿದ ಮೇಲೆ ಐದು ಸ್ಟಾರಿನ ಮೆಸೇಜ್ ನೋಡಿದಾಗ ನನಗೆ ಸಿಟ್ಟೇ ಬರುತ್ತದೆ.

ನಮ್ಮ ಕ್ಲಿನಿಕ್ಕಿನಲ್ಲಿ ಆ ಕೆಲಸ ಮಾಡಿದ್ದು ಯಾವ ಫಾರ್ಮೂ ಅಲ್ಲ, ಒಬ್ಬ ಕೋಆರ್ಡಿನೇಟರ್ ಸಿಸ್ಟರ್. ಹಲ್ಲಿನ ಗಲಾಟೆಯ ಹೊತ್ತಲ್ಲಿ ನಮಗೆ ಅವರ ನಂಬರ್ ಸಿಕ್ಕಿತು, ಅದೂ ಪಕ್ಕದ ಬೆಡ್ಡಿನವರಿಂದ. ಅಲ್ಲಿಂದ ಎಲ್ಲಾ ಬದಲಾಯಿತು. ಪ್ಲಾನಿಂಗ್ ಸ್ಕ್ಯಾನ್, ಮಾಸ್ಕ್ ಮಾಡಿಸುವುದು, ಕೀಮೋಗೆ ಮೊದಲಿನ ರಕ್ತಪರೀಕ್ಷೆ ಎಲ್ಲಾ ಒಂದೇ ದಿನಕ್ಕೆ ಬರುವ ಹಾಗೆ ಹೊಂದಿಸಿಕೊಟ್ಟರು. ರೇಡಿಯೇಷನ್ನಿನ ನಾಲ್ಕನೇ ವಾರದ ಹೊತ್ತಿಗೆ ಅಪ್ಪನ ಬಾಯೆಲ್ಲ ಹುಣ್ಣಾಗಿ ನೀರು ಇಳಿಯದೆ ಇದ್ದಾಗ ಅಮ್ಮ ರಾತ್ರಿ ಫೋನ್ ಮಾಡಿದರೆ ಎತ್ತಿದರು. "ಅಪ್ಪಾಜಿಗೆ ಟ್ಯೂಬಿನಲ್ಲಿ ಇವತ್ತು ಎಷ್ಟು ಹೋಯ್ತು ಅಮ್ಮಾ? ಯೂರಿನ್ ಎಷ್ಟು ಸಲ ಹೋದರು?" ಅಂತ ಒಂದೊಂದಾಗಿ ಕೇಳಿ, ಬೆಳಿಗ್ಗೆ ಬರುವಷ್ಟರಲ್ಲಿ ಡ್ರಿಪ್ ಹಾಕಲು ಬೆಡ್ ರೆಡಿ ಮಾಡಿಸಿದ್ದರು. ಇಡೀ ತಂಡವನ್ನು ತಂಡವಾಗಿ ಹಿಡಿದಿಟ್ಟಿರುವುದು ಅವರೊಬ್ಬರೇ ಅಂತ ನನಗೆ ಅನ್ನಿಸಿದೆ. ಅವರಿಗೆ ಅಂಕ ಕೊಡಲು ಯಾವ ಮೆಸೇಜೂ ಬರಲಿಲ್ಲ. ಅವರು ಯಾವ ವಿಭಾಗಕ್ಕೂ ಸೇರಿಲ್ಲ, ಅವರ ಹೆಸರಿನಲ್ಲಿ ಬಿಲ್ ಆಗುವುದಿಲ್ಲ, ಹಾಗಾಗಿ ಲೆಕ್ಕದಲ್ಲಿಲ್ಲ. ನಾಳೆ ಆಸ್ಪತ್ರೆಯವರು ಖರ್ಚು ಕಡಿಮೆ ಮಾಡೋಣ ಅಂತ ಹೊರಟರೆ ಮೊದಲು ತೆಗೆಯುವುದು ಇಂಥವರನ್ನೇ, ಏಕೆಂದರೆ ಅವರ ಕೆಲಸ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಈ ಭಯದಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಕ್ವಾಲಿಟಿ ವಿಭಾಗಕ್ಕೆ ಇದನ್ನೆಲ್ಲ ಪತ್ರದಲ್ಲಿ ಬರೆದುಕೊಟ್ಟೆ, ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದಿದ್ದನ್ನೂ ಹಾಗೇ ಸೇರಿಸಿದೆ. ಫೋನ್ ಮಾಡಿ ಮಾತಾಡಿದರು, ಅದು ಮೆಚ್ಚಬೇಕು. ಜಂಟಿ ಕ್ಲಿನಿಕ್ಕಿನ ಮೊದಲ ದಿನದ ಹಾಳೆಯಲ್ಲೇ ಹಲ್ಲಿನ ತಪಾಸಣೆ ಸೇರಿಸಿದ್ದೇವೆ ಅಂದರು. ಬೆಲ್‌ಗಳ ವೈರ್ ಉದ್ದ ಮಾಡಿಸಿರುವುದನ್ನು ಚೆಕಪ್ಪಿಗೆ ಹೋದಾಗ ನಾನೇ ವಾರ್ಡಿಗೆ ಹೋಗಿ ನೋಡಿದೆ. ಮೆಸೇಜ್ ಮಾತ್ರ ಈಗಲೂ ಅದೇ ಬರುತ್ತದೆ, ಇಂಗ್ಲಿಷಿನಲ್ಲಿ, ನನ್ನ ನಂಬರಿಗೆ.

ಹಾಗಾದರೆ ಹೋಗಬಹುದಾ? ಹೋಗಿ. ಒಬ್ಬೊಬ್ಬ ಡಾಕ್ಟರ ಹಿಂದೆ ಅಲೆಯುವುದಕ್ಕಿಂತ ಇಂಥ ಜಂಟಿ ಕ್ಲಿನಿಕ್ ಸಾವಿರ ಪಾಲು ಮೇಲು. ಖರ್ಚು ಕಷ್ಟ ಅನ್ನುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ನಡೆಯುವ ಕಡೆ ಕೇಳಿ, ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲೂ ಎಲ್ಲ ವಿಭಾಗದವರೂ ಇದ್ದಾರೆ, ಜನ ಜಾಸ್ತಿ ಅಷ್ಟೇ. ಎಲ್ಲಿಗೇ ಹೋದರೂ ಮೊದಲ ದಿನವೇ ಎರಡು ಕೇಳಿ: ನಮ್ಮ ಫೈಲಿಗೆ ಜವಾಬ್ದಾರಿ ಯಾರು, ಅವರ ನಂಬರ್ ಏನು. ಬಾಯಿ ಕ್ಯಾನ್ಸರ್ ಆದರೆ ಹಲ್ಲಿನ ಡಾಕ್ಟರು ಆಪರೇಷನ್‌ಗೆ ಮೊದಲು ನೋಡುತ್ತಾರಾ ಅಂತಲೂ ಕೇಳಿ. ಫಾರ್ಮ್ ಕೊಟ್ಟರೆ ರೋಗಿಯ ಕೈಗೇ ಕೊಡಿ. ಅವರಿಗೆ ಬರೆಯಲು ಆಗದಿದ್ದರೆ ಓದಿ ಹೇಳಿ, ಅವರು ಹೇಳಿದ್ದನ್ನೇ ಬರೆಯಿರಿ. ಸ್ಟಾರ್ ಒತ್ತಿ ಮುಗಿಸುವ ಬದಲು ಕೊನೆಯಲ್ಲಿರುವ ಖಾಲಿ ಜಾಗದಲ್ಲಿ ಏನಾಯಿತು ಅಂತ ಕನ್ನಡದಲ್ಲೇ ಹಾಕಿ. ಖಾಲಿ ಜಾಗವೇ ಇಲ್ಲದಿದ್ದರೆ ಕ್ವಾಲಿಟಿ ವಿಭಾಗಕ್ಕೆ ಒಂದು ಪತ್ರ ಕೊಟ್ಟು, ಸ್ವೀಕೃತಿಗೆ ಸೀಲ್ ಹಾಕಿಸಿಕೊಳ್ಳಿ.